ಬೆನ್ನುಹುರಿಗೆ ಪೆಟ್ಟಾದವರಿಗೆ ಮಾತ್ರೆ ಒಗ್ಗದಿದ್ದರೆ ಮನೆಯವರಿಗೆ ತಿಳಿಯುವುದು ಹೇಗೆ?

ಬೆಳಿಗ್ಗೆ ಏಳೂವರೆ. ಮುಂಬೈ ಹತ್ತಿರ ಡೊಂಬಿವಲಿಯ ನಮ್ಮ ಮನೆಯಲ್ಲಿ ತಮ್ಮನನ್ನು ಮಂಚದಿಂದ ಎತ್ತಿ ವೀಲ್‌ಚೇರಿನಲ್ಲಿ ಕೂರಿಸಿದೆವು. ಒಂದು ನಿಮಿಷ ಆಗಿರಲಿಲ್ಲ, ಕತ್ತು ಪಕ್ಕಕ್ಕೆ ವಾಲಿತು. ತುಟಿ ಬಿಳಿಚಿಕೊಂಡಿತ್ತು. "ಅಕ್ಕಾ, ಕಣ್ಣು ಕತ್ತಲೆ" ಅಂದವನು ಮತ್ತೆ ಮಾತಾಡಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಕಾಲು ಮೇಲೆತ್ತಿ ಹಿಡಿದೆವು. ಬಿಪಿ ನೋಡಿದರೆ 68ಕ್ಕೆ 40.

ಎರಡು ದಿನದಿಂದ ಅವನಿಗೆ ಜ್ವರ ಇತ್ತು, ಮೂತ್ರ ಕದಡಿತ್ತು. ಹತ್ತಿರದ ಕ್ಲಿನಿಕ್ಕಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ ಬರೆದುಕೊಟ್ಟಿದ್ದರು. "ಜ್ವರದ ನಿಶ್ಶಕ್ತಿ" ಅಂತ ಅಮ್ಮ ಗಂಜಿ ಮಾಡಲು ಒಳಗೆ ಹೋದರು. ಅದು ಜ್ವರದ ನಿಶ್ಶಕ್ತಿ ಆಗಿರಲಿಲ್ಲ. ಸ್ಪಾಸಂ, ಅಂದರೆ ಸ್ನಾಯು ತಾನಾಗಿಯೇ ಬಿಗಿದು ಎಗರುವುದು, ಜಾಸ್ತಿ ಅಂತ ಅವನು ರಾತ್ರಿ ಟಿಜಾನಿಡಿನ್ ತೆಗೆದುಕೊಳ್ಳುತ್ತಾನೆ. ಅದಕ್ಕೂ ಸಿಪ್ರೊಫ್ಲಾಕ್ಸಾಸಿನ್‌ಗೂ ಆಗಿಬರುವುದಿಲ್ಲ. ಲಿವರ್ ಟಿಜಾನಿಡಿನ್ ಅನ್ನು ಕರಗಿಸುವ ಕೆಲಸಕ್ಕೆ ಈ ಆಂಟಿಬಯೋಟಿಕ್ ಅಡ್ಡ ಬರುತ್ತದೆ. ಆಗ ರಕ್ತದಲ್ಲಿ ಟಿಜಾನಿಡಿನ್ ಹತ್ತು ಪಟ್ಟಿನಷ್ಟು ಏರಬಹುದು. ಒಂದು ಮಾತ್ರೆ ತಿಂದವನಿಗೆ ಹತ್ತು ತಿಂದ ಹಾಗೆ. ಇವೆರಡನ್ನೂ ಒಟ್ಟಿಗೆ ಕೊಡಲೇಬಾರದು. ಕ್ಲಿನಿಕ್ಕಿನಲ್ಲಿ ನಾವು ಟಿಜಾನಿಡಿನ್ ವಿಷಯ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಅವನು ಬಿದ್ದು 9 ವರ್ಷ ಆಯಿತು. ಪೆಟ್ಟು ಟಿ-4 ಮಟ್ಟದಲ್ಲಿ, ಅಂದರೆ ಎದೆಯ ಹಿಂದಿನ ಬೆನ್ನುಮೂಳೆಯ ನಾಲ್ಕನೇ ಮಣಿಯ ಹತ್ತಿರ. ಎದೆಯಿಂದ ಕೆಳಗೆ ನೋವು, ಉರಿ, ಬಿಸಿ, ತಣ್ಣಗೆ ಯಾವುದೂ ಗೊತ್ತಾಗುವುದಿಲ್ಲ. ಬೆವರೂ ಬರುವುದಿಲ್ಲ. ನಮಗಾದರೆ ಮಾತ್ರೆ ಒಗ್ಗದಿದ್ದರೆ ಹೊಟ್ಟೆ ಉರಿಯುತ್ತದೆ, ಕಾಲು ನೋಯುತ್ತದೆ, ನಾವೇ ಹೇಳುತ್ತೇವೆ. ಅವನಿಗೆ ಹೇಳಲು ಏನೂ ಸಿಗುವುದಿಲ್ಲ. ಅವನ ದಿನದಲ್ಲಿ ಏನು ಬದಲಾಯಿತು ಅಂತ ನೋಡಿ ನಾವೇ ಕಂಡುಹಿಡಿಯಬೇಕು. ಮುಂಬೈ, ಠಾಣೆ, ಪುಣೆ ಕಡೆ ಇಂಥವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವ ಕನ್ನಡದವರು ಬಹಳ ಮಂದಿ ಇದ್ದಾರೆ. ಈ 9 ವರ್ಷದಲ್ಲಿ ಡಾಕ್ಟರುಗಳಿಂದ, ಫಿಸಿಯೋದವರಿಂದ, ನಮ್ಮ ತಪ್ಪುಗಳಿಂದ ಕಲಿತದ್ದನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು: ಚೆನ್ನಾಗಿರುವ ದಿನದ ಲೆಕ್ಕ

ಹುಷಾರಿಲ್ಲದ ದಿನ ಎಲ್ಲರೂ ಬರೆದಿಡುತ್ತಾರೆ. ಬೇಕಾಗಿರುವುದು ಚೆನ್ನಾಗಿರುವ ದಿನದ ಲೆಕ್ಕ. ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮಲಗಿದ್ದಾಗ ಬಿಪಿ ಎಷ್ಟು, ಕೂತು ಐದು ನಿಮಿಷದ ಮೇಲೆ ಎಷ್ಟು. ಪ್ರತಿ ಸಲ ಕ್ಯಾಥೆಟರ್ (ಮೂತ್ರ ತೆಗೆಯುವ ನಳಿಕೆ) ಹಾಕಿದಾಗ ಮೂತ್ರ ಎಷ್ಟು ಬಂತು. ಎಷ್ಟು ದಿನಕ್ಕೊಮ್ಮೆ ಮಲ ಸರಿಯಾಗಿ ಹೋಗುತ್ತದೆ. ಸ್ಪಾಸಂ ಯಾವ ಹೊತ್ತಿಗೆ ಬರುತ್ತದೆ. ಹಗಲು ಎಷ್ಟು ನಿದ್ದೆ.

ಬಿಪಿ ಯಾಕೆ ಅಂದರೆ, ಪೆಟ್ಟು ಮೇಲ್ಮಟ್ಟದಲ್ಲಿ ಆದವರಿಗೆ ಮಾಮೂಲಿ ಬಿಪಿಯೇ ಕಡಿಮೆ. ಮೇಲಿನ ಅಂಕಿ 90, 100 ಇದ್ದರೂ ಅವರು ಆರಾಮವಾಗಿರುತ್ತಾರೆ. ಅಂಥವರಿಗೆ 135 ಬಂದರೆ ಗೊತ್ತಿಲ್ಲದ ಡಾಕ್ಟರು "ನಾರ್ಮಲ್" ಅನ್ನುತ್ತಾರೆ. ಅವರ ಮಟ್ಟಿಗೆ ಅದು ಅಪಾಯ. ನಿಮ್ಮ ಪುಸ್ತಕ ತೆರೆದು ತೋರಿಸಿದರೆ ಮಾತ್ರ ಅದು ಗೊತ್ತಾಗುತ್ತದೆ.

ಇನ್ನೊಂದು ಅಳತೆ ಇದೆ, ಅದಕ್ಕೆ ಯಂತ್ರ ಬೇಡ. ಮಂಚದಿಂದ ಕುರ್ಚಿಗೆ ಹೋಗುವಾಗ ಅವರು ಎಷ್ಟು ಭಾರ ಅನ್ನಿಸುತ್ತಾರೆ ಅನ್ನುವುದು. ಅವನನ್ನು ನೋಡಿಕೊಳ್ಳಲು ಹಗಲು ನಮ್ಮಲ್ಲಿಗೆ ಬರುವ ಮಾವಶಿ ಒಮ್ಮೆ "ಭಾವು ಆಜ್ ಜಡ ವಾಟತೋ" ಅಂದರು, ಇವತ್ತು ಭಾರ ಅನ್ನಿಸುತ್ತಾನೆ ಅಂತ. ತೂಕ ಅಷ್ಟೇ ಇತ್ತು. ನಾಲ್ಕು ದಿನದ ಹಿಂದೆ ಸ್ಪಾಸಂನ ಇನ್ನೊಂದು ಮಾತ್ರೆ ಬ್ಯಾಕ್ಲೊಫೆನ್ ಜಾಸ್ತಿ ಮಾಡಿದ್ದರು. ಕಾಲಿನ ಬಿಗಿತ ಅವನಿಗೆ ಕಾಟವೂ ಹೌದು, ಆಸರೆಯೂ ಹೌದು. ಆ ಬಿಗಿ ಇದ್ದಾಗ ಕಾಲು ನೆಲಕ್ಕೆ ಊರಿ ಎತ್ತುವವರಿಗೆ ಅನುಕೂಲ ಆಗುತ್ತಿತ್ತು. ಡೋಸ್ ಜಾಸ್ತಿ ಆದ ಮೇಲೆ ಕಾಲು ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಯಾವ ರಿಪೋರ್ಟಿಗಿಂತ ಮುಂಚೆ ಅದನ್ನು ಹಿಡಿದದ್ದು ಮಾವಶಿಯ ಕೈ. ಆದ್ದರಿಂದ ಎತ್ತುವವರ ಮಾತನ್ನು ಸುಮ್ನೆ ಬಿಡಬೇಡಿ, ಬರೆದಿಡಿ.

ಎಲ್ಲ ಮಾತ್ರೆ ಒಂದೇ ಮೇಜಿನ ಮೇಲೆ

ಎಲ್ಲ ಅಂದರೆ ಎಲ್ಲ. ಮೆಡಿಕಲ್‌ನಿಂದ ಚೀಟಿ ಇಲ್ಲದೆ ತಂದ ನೋವಿನ ಮಾತ್ರೆ, ಗ್ಯಾಸಿನದ್ದು, ಊರಿನಿಂದ ಬಂದ ಕಷಾಯ, ಹಚ್ಚುವ ಮುಲಾಮು, ಎಲ್ಲವೂ. ಪ್ರತಿ ಸ್ಟ್ರಿಪ್ಪಿನ ಮೇಲೆ ಪೆನ್ನಿನಲ್ಲಿ ಶುರು ಮಾಡಿದ ತಾರೀಕು ಬರೆಯಿರಿ. ಡೋಸ್ ಬದಲಾದರೆ ಆ ತಾರೀಕೂ ಇರಲಿ. ಬ್ರ್ಯಾಂಡ್ ಹೆಸರು ಬೇರೆ ಬೇರೆ ಇರುವುದರಿಂದ ಒಂದೇ ಔಷಧ ಎರಡು ಹೆಸರಿನಲ್ಲಿ ಹೊಟ್ಟೆಗೆ ಹೋಗುವುದೂ ಉಂಟು. ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನು ಮೆಡಿಕಲ್‌ನವರ ಹತ್ತಿರ ಓದಿಸಿ, ಕನ್ನಡದಲ್ಲಿ ಬರೆದುಕೊಳ್ಳಿ. ಅಮ್ಮ ಈಗ ಅದನ್ನು ನೋಡಿಯೇ ಮಾತ್ರೆ ಕೊಡುತ್ತಾರೆ.

ಗಂಡ ಹೆಂಡತಿ ಯಾರಿಗೂ ಹೇಳದೆ ಇಟ್ಟುಕೊಳ್ಳುವ ಒಂದು ಮಾತ್ರೆ ಇದೆ: ಗಂಡಸರ ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್. ನಾಚಿಕೆಯ ವಿಷಯ ಏನೂ ಅಲ್ಲ, ಬೆನ್ನುಹುರಿ ಪೆಟ್ಟಾದ ಎಷ್ಟೋ ಗಂಡಸರಿಗೆ ಡಾಕ್ಟರೇ ಬರೆದುಕೊಡುತ್ತಾರೆ. ಆದರೆ ಇದನ್ನು ತಿಂದ ಮೇಲೆ ಬಿಪಿ ಏರಿತು ಅಂತ ಆಸ್ಪತ್ರೆಯಲ್ಲಿ ಅದನ್ನು ಇಳಿಸಲು ನೈಟ್ರೋಗ್ಲಿಸರಿನ್ ಕೊಟ್ಟರೆ ಬಿಪಿ ಪ್ರಾಣಕ್ಕೆ ಬರುವಷ್ಟು ಕುಸಿಯುತ್ತದೆ. ಸಿಲ್ಡೆನಾಫಿಲ್ ಆದರೆ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಈ ಅಪಾಯ ಇರುತ್ತದೆ. ಯಾವಾಗ ತೆಗೆದುಕೊಂಡರು ಅನ್ನುವುದನ್ನು ಡಾಕ್ಟರಿಗೆ ಹೇಳಲೇಬೇಕು.

ಯಾವ ಮಾತ್ರೆ ಏನು ಮಾಡುತ್ತದೆ

ಬ್ಯಾಕ್ಲೊಫೆನ್ ಮತ್ತು ಟಿಜಾನಿಡಿನ್ ಸ್ಪಾಸಂಗೆ. ತೂಕಡಿಕೆ, ಸುಸ್ತು, ತಲೆ ಹಗುರ. ಟಿಜಾನಿಡಿನ್‌ಗೆ ಬಾಯಿ ಒಣಗುವುದು, ಬಿಪಿ ಇಳಿಯುವುದು ಜಾಸ್ತಿ. ಅದು ಲಿವರಿಗೂ ತೊಂದರೆ ಕೊಡಬಹುದು, ಅದಕ್ಕೇ ಮಧ್ಯೆ ಮಧ್ಯೆ ರಕ್ತಪರೀಕ್ಷೆ ಮಾಡಿಸುತ್ತಾರೆ. ಕಣ್ಣು ಹಳದಿ ಆದರೆ ಪರೀಕ್ಷೆಯ ದಿನಕ್ಕೆ ಕಾಯಬೇಡಿ.

ತೂಕಡಿಕೆಯನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಿದ್ದೆ ಬಂದರೆ ಒಳ್ಳೆಯದೇ ಅಲ್ವಾ, ಪಾಪ ರಾತ್ರಿಯೆಲ್ಲ ನಿದ್ದೆ ಇರಲಿಲ್ಲ ಅಂತ ಬಿಡುತ್ತೇವೆ. ಆದರೆ ಕುರ್ಚಿಯಲ್ಲಿ ಕೂತವರು 15ರಿಂದ 30 ನಿಮಿಷಕ್ಕೊಮ್ಮೆ ಮೈ ಎತ್ತಿ ಅಥವಾ ಮುಂದಕ್ಕೆ ಬಗ್ಗಿ ಪೃಷ್ಠದ ಮೇಲಿನ ಭಾರ ಇಳಿಸಬೇಕು. ತೂಕಡಿಸುವವರು ಅದನ್ನು ಮರೆಯುತ್ತಾರೆ. ಮಾತ್ರೆ ಶುರುವಾದ ಹತ್ತು ದಿನಕ್ಕೆ ಕೂರುವ ಎಲುಬಿನ ಮೇಲೆ ಕೆಂಪು ಕಲೆ. ಒತ್ತಿದರೂ ಬಿಳಿಯಾಗದ ಕೆಂಪು ಅಂದರೆ ಬೆಡ್ ಸೋರ್ ಶುರುವಾಗಿದೆ. ಬೆಡ್ ಸೋರಿಗೆ ಹಾಸಿಗೆಯನ್ನು ಬೈಯುತ್ತೇವೆ, ಮಾತ್ರೆ ಅಂತ ಯಾರೂ ಯೋಚಿಸುವುದಿಲ್ಲ. ಹೊಸ ಡೋಸ್ ಶುರುವಾದ ಎರಡು ವಾರ ದಿನಕ್ಕೆ ಎರಡು ಸಲ ಚರ್ಮ ನೋಡಿ. ಮೊಬೈಲಿನಲ್ಲಿ ಫೋಟೋ ತೆಗೆದು ಅವರಿಗೂ ತೋರಿಸಿ, ಅದು ಅವರ ಮೈ.

ಗ್ಯಾಬಪೆಂಟಿನ್, ಪ್ರೆಗಾಬಾಲಿನ್ ನರದ ಉರಿನೋವಿಗೆ. ಇವೂ ತೂಕಡಿಕೆ ತರುತ್ತವೆ, ತೂಕ ಏರಿಸುತ್ತವೆ, ಕಣ್ಣು ಮಂಜು ಮಾಡುತ್ತವೆ. ಪಾದ ಊದುತ್ತದೆ, ಸಾಕ್ಸಿನ ಗೆರೆ ಆಳವಾಗಿ ಕೂರುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಎರಡೂ ಕಾಲು ಸಮವಾಗಿ ಊದಿದರೆ ಮಾತ್ರೆ ಇರಬಹುದು. ಒಂದೇ ಕಾಲು ಊದಿದರೆ ರಕ್ತ ಹೆಪ್ಪುಗಟ್ಟಿರಬಹುದು, ಅಥವಾ ಎತ್ತುವಾಗ ಮೂಳೆ ಮುರಿದಿರಬಹುದು. ನೋವಿಲ್ಲದ ಕಾಲಲ್ಲಿ ಮೂಳೆ ಮುರಿದದ್ದೂ ತಿಳಿಯುವುದಿಲ್ಲ. ಟೈಲರ್ ಟೇಪು ತಂದಿಡಿ. ಮೊಣಕಾಲಿನ ಕೆಳಗೆ 10 ಸೆಂ.ಮೀ. ಬಿಟ್ಟು ಎರಡೂ ಕಾಲು ಅಳೆಯಿರಿ. ಮೂರು ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಆ ಹೊತ್ತೇ ಆಸ್ಪತ್ರೆ. ಜೊತೆಗೆ ಉಸಿರು ಕಟ್ಟುತ್ತಿದ್ದರೆ 108ಕ್ಕೆ ಫೋನ್ ಮಾಡಿ, ಮಹಾರಾಷ್ಟ್ರದಲ್ಲೂ ಗೋವಾದಲ್ಲೂ ಆಂಬುಲೆನ್ಸಿಗೆ ಅದೇ ನಂಬರ್.

ಆಕ್ಸಿಬ್ಯುಟಿನಿನ್, ಟಾಲ್ಟೆರೊಡಿನ್, ಸೊಲಿಫೆನಾಸಿನ್ ಮೂತ್ರಚೀಲದ ಸೆಳೆತಕ್ಕೆ. ಇವುಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಒಂದರ ಹಿಂದೆ ಒಂದು ತೊಂದರೆ ಹೆಣೆದುಕೊಂಡು ಬರುವುದು ಇಲ್ಲೇ. ಬಾಯಿ ಒಣಗುತ್ತದೆ. ಒಣಗಿತು ಅಂತ ಅವರು ಗುಟುಕು ಗುಟುಕಾಗಿ ದಿನವಿಡೀ ನೀರು ಕುಡಿಯುತ್ತಾರೆ. ಕ್ಯಾಥೆಟರಿನ ಹೊತ್ತು ಮಾತ್ರ ಹಳೆಯದೇ. ಒಂದು ಸಲಕ್ಕೆ 500 ಮಿ.ಲೀ. ಒಳಗೆ ಇರಬೇಕಾದ ಮೂತ್ರ 800 ಆಗಿರುತ್ತದೆ. ಇನ್ನೊಂದು ಕಡೆ ಮಲ ಗಟ್ಟಿಯಾಗುತ್ತದೆ. ಮೊದಲೇ ನಿಧಾನ ಇರುವ ಕರುಳು ಇನ್ನೂ ನಿಧಾನ. ತುಂಬಿದ ಮೂತ್ರಚೀಲ, ತುಂಬಿದ ಕರುಳು: ಪೆಟ್ಟು ಟಿ-6 ಅಥವಾ ಅದಕ್ಕಿಂತ ಮೇಲೆ ಆದವರಿಗೆ ಬಿಪಿ ದಿಢೀರನೆ ಏರಲು ಇವೆರಡೇ ದೊಡ್ಡ ಕಾರಣ. ಡಾಕ್ಟರುಗಳು ಅದನ್ನು ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅನ್ನುತ್ತಾರೆ. ತಲೆ ಸಿಡಿಯುತ್ತದೆ, ಮುಖ ಕೆಂಪಾಗುತ್ತದೆ, ಪೆಟ್ಟಿನ ಮೇಲ್ಭಾಗ ಬೆವರುತ್ತದೆ, ಮೈ ರೋಮ ಏಳುತ್ತದೆ. ಮಾಮೂಲಿಗಿಂತ 20ರಿಂದ 40 ಅಂಕಿ ಏರಿದರೂ ಅದೇ ಅಂತ ತಿಳಿಯಿರಿ.

ಆಗ ಮಲಗಿಸಬೇಡಿ. ಕೂರಿಸಿ, ಕಾಲು ಕೆಳಗೆ ಬಿಡಿ. ಸೊಂಟದ ಪಟ್ಟಿ, ಸಾಕ್ಸ್, ಬಿಗಿ ಬಟ್ಟೆ ಸಡಿಲ ಮಾಡಿ. ಕ್ಯಾಥೆಟರ್ ಮಡಚಿದೆಯಾ, ಬ್ಯಾಗ್ ತುಂಬಿದೆಯಾ ನೋಡಿ, ಮೂತ್ರ ತೆಗೆಯಿರಿ. ಐದೈದು ನಿಮಿಷಕ್ಕೆ ಬಿಪಿ ನೋಡುತ್ತಿರಿ. ಕಾರಣ ಸಿಗದಿದ್ದರೆ, ಬಿಪಿ ಇಳಿಯದಿದ್ದರೆ 108. ಇದು ತಲೆನೋವಿನ ಮಾತ್ರೆ ಕೊಟ್ಟು ಕಾಯುವ ತಲೆನೋವಲ್ಲ.

ಇದೇ ಮೂತ್ರಚೀಲದ ಮಾತ್ರೆಗಳು ಬೆವರನ್ನೂ ಕಡಿಮೆ ಮಾಡುತ್ತವೆ. ಎದೆಯ ಕೆಳಗೆ ಬೆವರೇ ಇಲ್ಲದವರಿಗೆ ಉಳಿದದ್ದು ಮುಖ ಮತ್ತು ಭುಜ ಮಾತ್ರ. ಅದೂ ಕಡಿಮೆ ಆದರೆ ಮುಂಬೈಯ ಮೇ ತಿಂಗಳು ಹೇಗೆ ಕಳೆಯಬೇಕು? ಅಂಥ ಮಧ್ಯಾಹ್ನ ಮೈ ಸುಟ್ಟರೆ ಆಂಟಿಬಯೋಟಿಕ್ ಹುಡುಕುವ ಮೊದಲು ಕತ್ತು, ಮುಖ, ತೋಳಿಗೆ ಒದ್ದೆ ಬಟ್ಟೆ ಹಾಕಿ ಫ್ಯಾನಿನ ಕೆಳಗೆ ಅರ್ಧ ಗಂಟೆ ಕೂರಿಸಿ. ಇಳಿದರೆ ಬಿಸಿಲಿನ ಕಾವು. ಇಳಿಯದಿದ್ದರೆ, ಮೂತ್ರ ಕದಡಿದ್ದರೆ, ಸೋಂಕು ಅಂತ ಡಾಕ್ಟರ ಹತ್ತಿರ ಹೋಗಿ. ಮಂಕಾದರೆ, ಮಾತು ತಪ್ಪಿದರೆ ಅರ್ಧ ಗಂಟೆಯೂ ಕಾಯಬೇಡಿ.

ಭುಜನೋವಿಗೆ ತಿನ್ನುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬಗ್ಗೆ ನನಗೆ ಭಯ ಜಾಸ್ತಿ. ದಿನವಿಡೀ ಕೈಯಿಂದ ಚಕ್ರ ತಳ್ಳುವವರಿಗೆ ಭುಜನೋವು ತಪ್ಪುವುದಿಲ್ಲ, ಇವು ಚೀಟಿ ಇಲ್ಲದೆ ಸಿಗುತ್ತವೆ. ಜಠರದಲ್ಲಿ ಹುಣ್ಣಾಗಿ ರಕ್ತ ಒಸರಿದರೂ ಅವರಿಗೆ ಹೊಟ್ಟೆನೋವು ಬರದೇ ಇರಬಹುದು. ನೋಡಬೇಕಾದದ್ದು ಮಲದ ಬಣ್ಣ. ಡಾಂಬರಿನ ಹಾಗೆ ಕಪ್ಪು, ಅಂಟಂಟು, ಕೆಟ್ಟ ವಾಸನೆ ಇದ್ದರೆ ಆಸ್ಪತ್ರೆ. ಕಬ್ಬಿಣದ ಮಾತ್ರೆ ತಿಂದರೂ ಮಲ ಕಪ್ಪಾಗುತ್ತದೆ, ಆದರೆ ಆ ಅಂಟು, ಆ ವಾಸನೆ ಇರುವುದಿಲ್ಲ. ಕಾರಣವಿಲ್ಲದೆ ಸ್ಪಾಸಂ ಜಾಸ್ತಿ ಆಗುವುದು, ಹಸಿವು ಹೋಗುವುದು, ಭುಜದ ತುದಿ ಹೊಸದಾಗಿ ನೋಯುವುದು, ಇವೂ ಹೊಟ್ಟೆಯೊಳಗಿನ ತೊಂದರೆಯ ಗುರುತಾಗಬಹುದು. ರಕ್ತ ತೆಳುವಾಗಿಸುವ ಔಷಧವೂ ಜೊತೆಗಿದ್ದರೆ ಈ ನೋವಿನ ಮಾತ್ರೆ ಮುಟ್ಟಲೇಬೇಡಿ.

ನೋವಿನ ಇನ್ನೊಂದು ಮಾತ್ರೆ ಟ್ರಮಡಾಲ್ ಮಲ ಕಟ್ಟುತ್ತದೆ, ಕೆಲವರಿಗೆ ಫಿಟ್ಸ್ ತರಿಸುತ್ತದೆ. ಅದರ ಜೊತೆ ಅಮಿಟ್ರಿಪ್ಟಿಲಿನ್ ಅಥವಾ ಖಿನ್ನತೆಯ ಬೇರೆ ಮಾತ್ರೆ ಇದ್ದು, ನಡುಕ, ಬೆವರು, ಚಡಪಡಿಕೆ, ಮೈ ಕುಲುಕುವುದು ಶುರುವಾದರೆ ಸ್ಪಾಸಂ ಅಂತ ಬಿಡಬೇಡಿ. ಎರಡು ಮಾತ್ರೆ ಸೇರಿ ಆಗುವ ತುರ್ತು ಅದು.

ಬಿಪಿ ಇಳಿಯದಂತೆ ಕೊಡುವ ಮಿಡೊಡ್ರಿನ್ ತಿಂದರೆ ತಲೆಯ ಚರ್ಮ ಜುಮ್ಮೆನ್ನುತ್ತದೆ, ಅದಕ್ಕೆ ಹೆದರಬೇಡಿ. ತಿಂದು ನಾಲ್ಕು ಗಂಟೆ ಮಾತ್ರ ಚಪ್ಪಟೆ ಮಲಗಬಾರದು, ಬಿಪಿ ತುಂಬ ಏರುತ್ತದೆ. ಮೂತ್ರದ ಸೋಂಕಿಗೆ ಕೊಡುವ ನೈಟ್ರೋಫ್ಯುರಾಂಟಾಯಿನ್ ತಿಂದಾಗ ಮೂತ್ರ ಕಂದು ಬಣ್ಣ ಆಗುತ್ತದೆ, ಅದೂ ಮಾಮೂಲಿ. ಮೆಣಸಿನ ಅಂಶ ಇರುವ ನೋವಿನ ಮುಲಾಮನ್ನು ಸ್ಪರ್ಶ ಇಲ್ಲದ ಜಾಗಕ್ಕೆ ಹಚ್ಚಬೇಡಿ. ಸುಟ್ಟದ್ದು ಬೊಬ್ಬೆ ಎದ್ದ ಮೇಲೇ ಗೊತ್ತಾಗುವುದು.

ನಾವೇ ನಿಲ್ಲಿಸಬಾರದು

ಇದು ನಮ್ಮ ಮನೆಯಲ್ಲಿ ಆದದ್ದು. ಮೊದಲ ವರ್ಷ. ಮಗ ಇಡೀ ದಿನ ತೂಕಡಿಸುತ್ತಾನೆ ಅಂತ ಅಮ್ಮನಿಗೆ ಸಂಕಟ. ಯಾರಿಗೂ ಹೇಳದೆ ಬ್ಯಾಕ್ಲೊಫೆನ್ ನಿಲ್ಲಿಸಿಬಿಟ್ಟರು. ಮರುದಿನ ಅವನಿಗೆ ತುರಿಕೆ. ರಾತ್ರಿ ಕಾಲುಗಳು ಮಂಚದಿಂದ ಎಗರುತ್ತಿದ್ದವು, ನಾವಿಬ್ಬರು ಹಿಡಿದರೂ ನಿಲ್ಲಲಿಲ್ಲ. ಜ್ವರ ಏರಿತು. ಎರಡು ಗಂಟೆ ರಾತ್ರಿಯಲ್ಲಿ ಬಾಗಿಲ ಕಡೆ ನೋಡಿ "ಅಪ್ಪ ಬಂದರು, ಕುರ್ಚಿ ಹಾಕು" ಅಂದ. ಅಪ್ಪ ತೀರಿಕೊಂಡು ಆಗ ಆರು ವರ್ಷ ಆಗಿತ್ತು. ಆಸ್ಪತ್ರೆಯಲ್ಲಿ ಮತ್ತೆ ಅದೇ ಬ್ಯಾಕ್ಲೊಫೆನ್ ಕೊಟ್ಟ ಮೇಲೆ ಎಲ್ಲ ಇಳಿಯಿತು. ಅಮ್ಮ ಇವತ್ತಿಗೂ ಆ ರಾತ್ರಿ ನೆನೆದು ಕಣ್ಣೀರು ಹಾಕುತ್ತಾರೆ. ಅವರ ತಪ್ಪಲ್ಲ. ಹಠಾತ್ ನಿಲ್ಲಿಸಿದರೆ ಜ್ವರ, ಭ್ರಮೆ, ಫಿಟ್ಸ್ ಬರಬಹುದು, ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು ಅಂತ ಡಿಸ್ಚಾರ್ಜ್ ದಿನ ನಮಗೆ ಯಾರೂ ಹೇಳಿರಲಿಲ್ಲ. ಗ್ಯಾಬಪೆಂಟಿನ್, ಪ್ರೆಗಾಬಾಲಿನ್ ಕೂಡ ಹಾಗೇ ಇಳಿಸಬೇಕಾದವು.

ಆದ್ದರಿಂದ ಏನೇ ಸಂಶಯ ಬಂದರೂ ಮೊದಲು ಬರೆದವರಿಗೆ ಫೋನ್ ಮಾಡಿ, ಆಮೇಲೆ ನಿಲ್ಲಿಸಿ. ಇದಕ್ಕೆ ಹೊರತು ಒಂದೇ: ಹೊಸ ಮಾತ್ರೆ ತಿಂದ ಮೇಲೆ ತುಟಿ, ಮುಖ ಊದಿಕೊಂಡರೆ, ಉಸಿರು ಸಿಕ್ಕಿಹಾಕಿಕೊಂಡರೆ, ಮೈ ಮೇಲೆ ದದ್ದು ಎದ್ದು ಬಾಯಿಯೊಳಗೆ ಹುಣ್ಣಾದರೆ ಆ ಮಾತ್ರೆಯ ಮುಂದಿನ ಡೋಸ್ ಕೊಡಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಇನ್ನೊಂದು ಕಡೆಯಿಂದಲೂ ಯೋಚಿಸಿ. ಸ್ಪಾಸಂ ಜಾಸ್ತಿ ಆಯಿತು ಅಂತ ಬ್ಯಾಕ್ಲೊಫೆನ್ ಏರಿಸಲು ಹೋಗುವ ಮೊದಲು ಮೂತ್ರದ ಸೋಂಕು, ಮಲ ಕಟ್ಟುವುದು, ಹುಣ್ಣು, ಒಳಕ್ಕೆ ಬೆಳೆದ ಉಗುರು, ಇಷ್ಟನ್ನೂ ನೋಡಿ. ನೋವು ಹೇಳಲಾಗದ ಮೈ ಎಷ್ಟೋ ಸಲ ಸ್ಪಾಸಂನಲ್ಲೇ ಹೇಳುತ್ತದೆ.

ಡಾಕ್ಟರ ಮುಂದೆ

ಇಲ್ಲಿ ನಾವು ಡಾಕ್ಟರ ಹತ್ತಿರ ಮರಾಠಿಯಲ್ಲೋ ಹಿಂದಿಯಲ್ಲೋ ಮಾತಾಡುತ್ತೇವೆ. "ಚಕ್ಕರ್" ಅನ್ನುವ ಒಂದು ಶಬ್ದದಲ್ಲಿ ನಮ್ಮ ಮೂರು ತೊಂದರೆ ಸೇರಿಹೋಗುತ್ತವೆ. ಕೂತಾಗ ಕಣ್ಣು ಕತ್ತಲೆ ಆಗುವುದು ಬೇರೆ, ಕೋಣೆ ಸುತ್ತಿದ ಹಾಗೆ ಆಗುವುದು ಬೇರೆ, ಬರೀ ಮಂಪರು ಬೇರೆ. ಮೊದಲನೆಯದು ಬಿಪಿ, ಎರಡನೆಯದು ಕಿವಿ ಅಥವಾ ತಲೆ, ಮೂರನೆಯದು ಹೆಚ್ಚಾಗಿ ಮಾತ್ರೆ. ಶಬ್ದ ಹೇಳುವ ಬದಲು ನಡೆದದ್ದು ಹೇಳಿ: "ಮಲಗಿದ್ದಾಗ ಸರಿ ಇದ್ದ, ಕೂರಿಸಿದ ಒಂದು ನಿಮಿಷಕ್ಕೆ ಕತ್ತು ವಾಲಿತು, ಬಿಪಿ ಇಷ್ಟಿತ್ತು, ಈ ಮಾತ್ರೆ ಮೊನ್ನೆ ಶುರುವಾಯಿತು."

ಕಿಡ್ನಿಯ ಬಗ್ಗೆ ನೀವಾಗಿಯೇ ಕೇಳಿ. ಬ್ಯಾಕ್ಲೊಫೆನ್, ಗ್ಯಾಬಪೆಂಟಿನ್, ಪ್ರೆಗಾಬಾಲಿನ್ ಮೂರೂ ಹೊರಹೋಗುವುದು ಮುಖ್ಯವಾಗಿ ಕಿಡ್ನಿಯಿಂದ. ಕಿಡ್ನಿ ಸೋತರೆ ಮಾಮೂಲಿ ಡೋಸೇ ಜಾಸ್ತಿ ಆಗಿ ಮಂಪರು ಹಿಡಿಯುತ್ತದೆ. ಆದರೆ ಕಿಡ್ನಿ ಹೇಗಿದೆ ಅಂತ ನೋಡಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಇವರ ಕಾಲಿನ ಸ್ನಾಯು ಕರಗಿರುವುದರಿಂದ ಕಿಡ್ನಿ ಕೆಟ್ಟಿದ್ದರೂ ಕ್ರಿಯಾಟಿನಿನ್ "ನಾರ್ಮಲ್" ಅಂತಲೇ ಬರಬಹುದು. ಸಿಸ್ಟಾಟಿನ್ ಸಿ ಅನ್ನುವ ಇನ್ನೊಂದು ರಕ್ತಪರೀಕ್ಷೆ ಇದೆ, ಅದು ಸ್ನಾಯುವಿನ ಮೇಲೆ ಅಷ್ಟಾಗಿ ನಿಂತಿಲ್ಲ. ಬೇಕಾ ಅಂತ ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ.

ಎಲ್ಲ ಮಾತ್ರೆಗಳನ್ನು ಒಟ್ಟಿಗೆ ನೋಡುವ ಒಬ್ಬ ಡಾಕ್ಟರು ಇರಲಿ. ಪುನರ್ವಸತಿ ವಿಭಾಗದವರು ಅದಕ್ಕೆ ಸರಿ. ಮುಂಬೈಯಲ್ಲಿ ಹಾಜಿ ಅಲಿಯ ಹತ್ತಿರ ಕೇಂದ್ರ ಸರ್ಕಾರದ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ ಇದೆ, 1955ರಿಂದ ಇದೇ ಕೆಲಸ ಮಾಡುತ್ತಿದೆ. ದೂರ ಅನ್ನಿಸಿದರೂ ಹಲ್ಲುನೋವಿನ ಡಾಕ್ಟರು ಬರೆದದ್ದರಿಂದ ಹಿಡಿದು ಎಲ್ಲ ಚೀಟಿಯನ್ನೂ ವರ್ಷಕ್ಕೆ ಎರಡು ಸಲ ಅಂಥ ಒಬ್ಬರ ಮುಂದೆ ಹರಡಿ. ನಮ್ಮ ಟಿಜಾನಿಡಿನ್ ಮತ್ತು ಸಿಪ್ರೊಫ್ಲಾಕ್ಸಾಸಿನ್ ಸ್ಟ್ರಿಪ್ಪುಗಳನ್ನು ಅಕ್ಕಪಕ್ಕ ಇಟ್ಟ ಕೂಡಲೇ ಹಿಡಿದದ್ದು ಅಂಥವರೇ. ಆಂಟಿಬಯೋಟಿಕ್ ಬದಲಿಸಿದರು, ಆ ಕೆಲವು ದಿನ ಟಿಜಾನಿಡಿನ್ ಹೇಗೆ ಕೊಡಬೇಕು ಅಂತ ಬರೆದುಕೊಟ್ಟರು, ಮೂರನೇ ದಿನ ತಮ್ಮ ಕೂತು ತಿಂಡಿ ತಿಂದ.

ಅಡ್ಡಪರಿಣಾಮ ಆದದ್ದನ್ನು ಸರ್ಕಾರಕ್ಕೂ ತಿಳಿಸಬಹುದು. ಅದಕ್ಕೆ 2010ರಿಂದ ಭಾರತೀಯ ಔಷಧ ನಿಗಾ ಕಾರ್ಯಕ್ರಮ ಇದೆ. ಉಚಿತ ದೂರವಾಣಿ 1800-180-3024. ರೋಗಿಯ ಮನೆಯವರೇ ತುಂಬಬಹುದಾದ ಫಾರ್ಮು ಕನ್ನಡದಲ್ಲೂ ಇದೆ.

ಮಳೆಗಾಲದ ಚೀಲ

ಜುಲೈನಲ್ಲಿ ಹಳಿ ಮೇಲೆ ನೀರು ನಿಂತು ಲೋಕಲ್ ನಿಂತರೆ ಮಾತ್ರೆ ತರುವವರು ಮನೆಗೆ ಬರುವುದಿಲ್ಲ. ಬ್ಯಾಕ್ಲೊಫೆನ್ ಒಂದು ದಿನ ತಪ್ಪಿದರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ. ಯಾವಾಗಲೂ ಹತ್ತು ದಿನದ್ದು ಮುಂದಿರಲಿ. ಗಣಪತಿಗೆ ಊರಿಗೆ ಹೊರಟಾಗ ಮಾತ್ರೆಯನ್ನು ಸೀಟಿನ ಕೆಳಗಿನ ದೊಡ್ಡ ಬ್ಯಾಗಿನಲ್ಲಿ ಇಡಬೇಡಿ, ಕೈಚೀಲದಲ್ಲಿರಲಿ. ಅದರಲ್ಲೇ ಬಿಪಿ ಯಂತ್ರ, ಎರಡು ಕ್ಯಾಥೆಟರ್, ಟೈಲರ್ ಟೇಪು, ಮಾತ್ರೆಗಳ ಪಟ್ಟಿ. ನಮ್ಮ ಪಟ್ಟಿಯ ಮೊದಲ ಸಾಲನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇವೆ, ಕನ್ನಡದಲ್ಲೂ ಮರಾಠಿಯಲ್ಲೂ: "ಪೆಟ್ಟು ಟಿ-4. ಮಾಮೂಲಿ ಬಿಪಿ 95ಕ್ಕೆ 60. ಬ್ಯಾಕ್ಲೊಫೆನ್ ನಿಲ್ಲಿಸಬೇಡಿ. ಟಿಜಾನಿಡಿನ್ ಇದೆ, ಸಿಪ್ರೊಫ್ಲಾಕ್ಸಾಸಿನ್ ಕೊಡಬೇಡಿ."